ಡಿಕ್ಕಿಯಲ್ಲಿ ಎರಡನೇ ಬ್ಯಾಟರಿ: ಹೆಡ್‌ಲೈಟ್ ಮಂಕಾಗೋದು ನಿಲ್ಲುತ್ತಾ? ಹೇಗೆ ಜೋಡಿಸೋದು?

ಬಸವನಗುಡಿ_ಬೇಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿಯ 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸೋ ಜನರೇಟರ್) ಮೇಲಿನ ಚೀಟಿಯಲ್ಲಿ 90 ಆಂಪಿಯರ್ ಅಂತಿದೆ. ಡಿಕ್ಕಿಯಲ್ಲಿ ಎರಡು ಆಂಪ್ಲಿಫೈಯರ್: ವೂಫರ್‌ಗೆ (ಬೇಸ್ ಸ್ಪೀಕರ್) 600 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡೋ ಶಕ್ತಿ) ಮೊನೊ, ಅಂದರೆ ಒಂದೇ ಚಾನೆಲ್‌ದು (ಕ್ಲಾಸ್ ಡಿ), ಬಾಗಿಲಿನ ಸ್ಪೀಕರ್‌ಗಳಿಗೆ ಚಾನೆಲ್‌ಗೆ 75 ವ್ಯಾಟಿನ ನಾಲ್ಕು ಚಾನೆಲ್ (ಕ್ಲಾಸ್ ಎಬಿ). ಬ್ಯಾಟರಿಯಿಂದ ಹಿಂದಕ್ಕೆ "4 ಗೇಜ್" ಅಂತ ಬರೆದಿರೋ ರೆಡಿಮೇಡ್ ಕಿಟ್ ವೈರ್.

ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಪ್ರತಿ ಬೇಸ್ ಹೊಡೆತಕ್ಕೂ ಹೆಡ್‌ಲೈಟ್ ಮಂಕಾಗುತ್ತೆ. ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಹಾಡು ಹಾಕಿದರೆ ಆಮೇಲೆ ಸೆಲ್ಫ್ ಹೊಡೆಯಲ್ಲ. ಒಂದು ಅಂಗಡಿಯಲ್ಲಿ 2 ಫ್ಯಾರಡ್ ಕೆಪಾಸಿಟರ್ (ಕ್ಷಣಕಾಲಕ್ಕೆ ಕರೆಂಟ್ ಕೂಡಿಡೋದು) ಹಾಕಿಸಿ ಅಂತಾರೆ, ಇನ್ನೊಂದರಲ್ಲಿ ಡಿಕ್ಕಿಗೆ ಎರಡನೇ ಬ್ಯಾಟರಿ ಇಡಿಸಿ ಅಂತಾರೆ. ಯಾವುದು ಸರಿ? ಬ್ಯಾಟರಿ ಅಂದರೆ ಎಷ್ಟು ಎಎಚ್, ಯಾವ ವೈರ್, ಎರಡು ಬ್ಯಾಟರಿ ಬೇರೆ ಮಾಡೋ ಐಸೊಲೇಟರ್ ಬೇಕಾ?

ತಂತಿ_ಮೇಷ್ಟ್ರು

ಸರ್, ನೀವು ಹೇಳಿರೋದು ಎರಡು ಬೇರೆ ಬೇರೆ ಕಾಯಿಲೆ. ಒಂದೇ ಮಾತ್ರೆಗೆ ಎರಡೂ ವಾಸಿಯಾಗಲ್ಲ.

ಮೊದಲು ಲೆಕ್ಕ. ಮೊನೊ 600 ವ್ಯಾಟ್ ಕೊಡಬೇಕಾದರೆ ಸುಮಾರು 750 ವ್ಯಾಟ್ ಎಳೆಯುತ್ತೆ. ಕ್ಲಾಸ್ ಎಬಿ ಅರ್ಧದಷ್ಟನ್ನ ಬಿಸಿ ಮಾಡಿಯೇ ಕಳೆಯುತ್ತೆ, ಹಾಗಾಗಿ 300 ವ್ಯಾಟ್ ಸಂಗೀತಕ್ಕೆ 550 ವ್ಯಾಟ್ ಹಿಡಿಯಿರಿ. ಒಟ್ಟು 1300 ವ್ಯಾಟ್, 13.5 ವೋಲ್ಟ್‌ನಲ್ಲಿ 96 ಆಂಪಿಯರ್. ಇದು ಗರಿಷ್ಠ ಹೊಡೆತ. ಹಾಡು ಸದಾ ಅಷ್ಟು ಎಳೆಯಲ್ಲ, ಬೇಸ್ ಜಾಸ್ತಿ ಇರೋ ಹಾಡಿನಲ್ಲೂ ಸರಾಸರಿ ಮೂರನೇ ಒಂದು ಭಾಗ, ಅಂದರೆ 30ರಿಂದ 35 ಆಂಪಿಯರ್.

ಈಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಎಸಿ, ರೇಡಿಯೇಟರ್ ಫ್ಯಾನ್, ಬ್ಲೋವರ್, ಹ್ಯಾಲೊಜೆನ್ ಹೆಡ್‌ಲೈಟ್, ಫ್ಯೂಯಲ್ ಪಂಪ್ ಎಲ್ಲ ಸೇರಿ ಗಾಡಿಯೊಂದೇ 40ರಿಂದ 50 ಆಂಪಿಯರ್ ತಿನ್ನುತ್ತೆ. 90 ಆಂಪಿಯರ್ ಅನ್ನೋದು ಆಲ್ಟರ್ನೇಟರ್ ಜೋರಾಗಿ ತಿರುಗುವಾಗಿನ ಸಂಖ್ಯೆ. ಬಿಸಿಯಾದ ಆಲ್ಟರ್ನೇಟರ್ ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ನಿಧಾನಕ್ಕೆ ತಿರುಗುವಾಗ) ಅದರ ಅರ್ಧ, ಹೆಚ್ಚೆಂದರೆ ಅರವತ್ತು ಪರ್ಸೆಂಟ್ ಕೊಡುತ್ತೆ. ಅಂದರೆ ನಿಂತಾಗ ಹಾಡಿಗೆ ಉಳಿಯೋದು ಹತ್ತಿರ ಹತ್ತಿರ ಸೊನ್ನೆ. ಬ್ಯಾಟರಿಯೇ ಕೊಡಬೇಕು.

ಎರಡನೇ ಬ್ಯಾಟರಿ ಅಂದರೆ ಮನೆಗೆ ಇನ್ನೊಂದು ಸಂಪ್ ಕಟ್ಟಿಸಿದ ಹಾಗೆ. ಸಂಪ್ ದೊಡ್ಡದಾದ ಮಾತ್ರಕ್ಕೆ ಕಾವೇರಿ ನೀರು ಜಾಸ್ತಿ ಬಿಡಲ್ಲ. ತುಂಬಿಸೋದು ಆಲ್ಟರ್ನೇಟರ್ ಒಂದೇ. ಇಂಜಿನ್ ಆಫ್ ಮಾಡಿ ಹಾಡು ಕೇಳೋಕೆ ಎರಡನೇ ಬ್ಯಾಟರಿ ಖಂಡಿತ ಸರಿಯಾದ ಉತ್ತರ. ಹೆಡ್‌ಲೈಟ್ ಮಂಕಾಗೋದಕ್ಕೆ ಮಾತ್ರ ಮೊದಲು ವೈರ್ ನೋಡಬೇಕು.

ಕೆಪಾಸಿಟರ್‌ಗೆ ದುಡ್ಡು ಹಾಕಬೇಡಿ. 2 ಫ್ಯಾರಡ್ ಕೆಪಾಸಿಟರ್ 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ ಕೊಡೋದು 52 ಜೂಲ್. ನಿಮ್ಮ ಆಂಪ್ಲಿಫೈಯರ್‌ಗಳು ಸಾವಿರ ವ್ಯಾಟ್ ಎಳೆಯುವಾಗ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೆ ಖಾಲಿ. ಒಂದು ಬೇಸ್ ನೋಟ್ ಅದಕ್ಕಿಂತ ಉದ್ದ ಇರುತ್ತೆ.

ಅಂಗಡಿಗೆ ಹೋಗೋ ಮೊದಲು ಇಷ್ಟು ಅಳತೆ ತೆಗೆದು ಹಾಕಿ. ಇಂಜಿನ್ 1500 ಆರ್‌ಪಿಎಂನಲ್ಲಿ ಇಟ್ಟು, 50 ಹರ್ಟ್ಸ್ ಟೋನ್ ಅಥವಾ ಬೇಸ್ ಬಿಡದೆ ಬರೋ ಹಾಡು ಹಾಕಿ. ಹತ್ತು ಸೆಕೆಂಡ್ ಸಾಕು. ಟೋನನ್ನ ಜಾಸ್ತಿ ಹೊತ್ತು ಬಿಟ್ಟರೆ ವೂಫರ್ ಕಾಯಿಲ್ ಸುಡುತ್ತೆ, ದಯವಿಟ್ಟು ಗಮನ ಇರಲಿ. ಆಗ ಮಲ್ಟಿಮೀಟರ್‌ನಲ್ಲಿ ನಾಲ್ಕು ಕಡೆ ನೋಡಿ: ಬ್ಯಾಟರಿಯ ಎರಡು ಕಂಬಗಳ ನಡುವೆ, ಆಂಪ್ಲಿಫೈಯರ್ ಟರ್ಮಿನಲ್‌ನಲ್ಲಿ, ಬ್ಯಾಟರಿ ಪ್ಲಸ್‌ನಿಂದ ಆಂಪ್ಲಿಫೈಯರ್ ಪ್ಲಸ್‌ಗೆ, ಆಂಪ್ಲಿಫೈಯರ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ. ಮೀಟರ್ ವೈರ್ ಕುಳ್ಳಾಗುತ್ತೆ, ಐದು ಮೀಟರ್ ತೆಳು ವೈರ್ ಸೇರಿಸಿಕೊಳ್ಳಿ, ರೀಡಿಂಗ್‌ಗೆ ಏನೂ ಆಗಲ್ಲ. ಕರೆಂಟ್ ನೋಡೋಕೆ ಡಿಸಿ (ಬ್ಯಾಟರಿ ಕರೆಂಟ್) ಅಳೆಯೋ ಕ್ಲಾಂಪ್ ಮೀಟರ್ರೇ ಬೇಕು. ಮನೆ ವೈರಿಂಗ್‌ನವರ ಹತ್ತಿರ ಇರೋ ಮಾಮೂಲಿ ಕ್ಲಾಂಪ್ ಬರೀ ಎಸಿ (ಮನೆ ಕರೆಂಟ್) ಅಳೆಯುತ್ತೆ, ಗಾಡಿ ವೈರ್‌ಗೆ ಹಾಕಿದರೆ ಸೊನ್ನೆ ತೋರಿಸುತ್ತೆ.

ಬಸವನಗುಡಿ_ಬೇಸ್

ತೆಗೆದೆ ಸರ್. ಕ್ಲಾಂಪ್‌ನಲ್ಲಿ 85 ಆಂಪಿಯರ್. ಬ್ಯಾಟರಿ ಕಂಬದಲ್ಲಿ 12.6, ಆಂಪ್ಲಿಫೈಯರ್ ಹತ್ತಿರ 11.2. ಪ್ಲಸ್ ದಾರಿಯಲ್ಲಿ 0.85, ಮೈನಸ್ ದಾರಿಯಲ್ಲಿ 0.55. ಪ್ಲಸ್ ವೈರ್ ಐದು ಮೀಟರ್. ಅರ್ತ್ ವೈರ್ ಅರ್ಧ ಮೀಟರ್, ಹಿಂದಿನ ಸೀಟ್‌ಬೆಲ್ಟ್ ಬೋಲ್ಟಿಗೆ ಹಾಕಿದ್ದಾರೆ.

ತಂತಿ_ಮೇಷ್ಟ್ರು

ಕಾಯಿಲೆ ಸಿಕ್ಕಿತು. ದಾರಿಯಲ್ಲೇ 1.4 ವೋಲ್ಟ್ ಹೋಗ್ತಿದೆ. ಇಷ್ಟು ಕರೆಂಟಿಗೆ ಎರಡೂ ಕಡೆ ಸೇರಿ ಅರ್ಧ ವೋಲ್ಟ್ ದಾಟಬಾರದು.

ಮೊದಲು ಆ ಸೀಟ್‌ಬೆಲ್ಟ್ ಬೋಲ್ಟ್. ಇವತ್ತೇ ಬಿಚ್ಚಿ. ಅದು ಜೀವ ಹಿಡಿದಿಡೋ ಬೋಲ್ಟ್. ಅದರ ಅಡಿ ಲಗ್ (ವೈರ್ ತುದಿಯ ಲೋಹದ ಬಳೆ) ತುರುಕಿದರೆ ಬಿಗಿ ಕೆಡುತ್ತೆ, ಬಿಸಿಗೆ ಸಡಿಲ ಆಗುತ್ತೆ. ಕರೆಂಟಿನ ಲೆಕ್ಕದಲ್ಲೂ ತಪ್ಪು: ಅರ್ಧ ಮೀಟರ್ ವೈರ್‌ಗೆ 0.1 ವೋಲ್ಟ್‌ಗಿಂತ ಕಮ್ಮಿ ಬೀಳಬೇಕು. ಮಿಕ್ಕ ಹೆಚ್ಚುಕಮ್ಮಿ 0.47 ವೋಲ್ಟಿನಲ್ಲಿ ಬಹುಪಾಲು ಆ ಜಾಯಿಂಟ್‌ನಲ್ಲೇ, ಪೇಂಟ್ ಮೇಲೆ ಕೂತಿರೋ ಲಗ್‌ನಲ್ಲೇ ಹೋಗ್ತಿದೆ. 0.47 ಇಂಟು 85, ಅಂದರೆ 40 ವ್ಯಾಟ್ ತನಕ ಬಿಸಿ. ಸೋಲ್ಡರಿಂಗ್ ಐರನ್ ಒಂದನ್ನ ಸೀಟಿನ ಪಕ್ಕ ಆನ್ ಮಾಡಿಟ್ಟ ಹಾಗೆ.

ಪ್ಲಸ್ ವೈರ್ ಲೆಕ್ಕ: 85 ಆಂಪಿಯರ್‌ಗೆ 0.85 ವೋಲ್ಟ್ ಅಂದರೆ 10 ಮಿಲಿ ಓಮ್. ನಿಜವಾದ 4 ಗೇಜ್ ತಾಮ್ರ 21 ಸ್ಕ್ವೇರ್ ಎಂಎಂ, ಐದು ಮೀಟರಿಗೆ ಬರಬೇಕಾದ್ದು 4 ಮಿಲಿ ಓಮ್. ನಿಮ್ಮದು ಸಿಸಿಎ, ಅಂದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಜೊತೆಗೆ ಸೈಜೂ ಕಮ್ಮಿ, ದಪ್ಪ ಎಲ್ಲ ಪ್ಲಾಸ್ಟಿಕ್ಕಿನದು. ಒಂದು ಎಳೆಯನ್ನ ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಾಣುತ್ತೆ.

35 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ ಅದೇ ಐದು ಮೀಟರ್ 2.5 ಮಿಲಿ ಓಮ್. 85 ಆಂಪಿಯರ್‌ಗೆ ಬೀಳೋದು 0.21 ವೋಲ್ಟ್. ಎರಡನೇ ಬ್ಯಾಟರಿ ಹಾಕಿದರೂ ಹಾಕದಿದ್ದರೂ ಈ ಕೆಲಸ ಮೊದಲು.

ಪೀಣ್ಯ_ಆಟೋವೈರಿಂಗ್

ಮೇಷ್ಟ್ರು ಹೇಳಿದ ಮೇಲೆ ವೈರ್ ಬಗ್ಗೆ ಒಂದು ಮಾತು. ಆಡಿಯೊ ಹೆಸರಿನ ಕಿಟ್ಟೇ ಬೇಕು ಅಂತಿಲ್ಲ. ಎಸ್‌ಪಿ ರೋಡ್‌ನ ಕೇಬಲ್ ಅಂಗಡಿಗಳಲ್ಲಿ ತಾಮ್ರದ ವೆಲ್ಡಿಂಗ್ ಕೇಬಲ್ ಮೀಟರ್ ಲೆಕ್ಕದಲ್ಲಿ ಕೇಳಿ. ಸಣ್ಣ ಎಳೆ, ಚೆನ್ನಾಗಿ ಬಳುಕುತ್ತೆ, ಡೋರ್ ಸಿಲ್ (ಬಾಗಿಲ ಹೊಸ್ತಿಲು) ಕೆಳಗೆ ಸಲೀಸಾಗಿ ಹೋಗುತ್ತೆ. ಆದರೆ ವೆಲ್ಡಿಂಗ್ ಕೇಬಲ್ ಅಲ್ಯೂಮಿನಿಯಂನಲ್ಲೂ ಬರುತ್ತೆ, ಆದ್ದರಿಂದ ತಕ್ಕಡಿಗೆ ಹಾಕಿಸಿ. 35 ಸ್ಕ್ವೇರ್ ಎಂಎಂನಲ್ಲಿ ತಾಮ್ರವೊಂದೇ ಮೀಟರಿಗೆ 310 ಗ್ರಾಂ ತೂಗುತ್ತೆ, ರಬ್ಬರ್ ಸೇರಿದರೆ ಅದಕ್ಕಿಂತ ಜಾಸ್ತಿ. ಅಲ್ಯೂಮಿನಿಯಂ ಆದರೆ ಲೋಹ ಬರೀ 95 ಗ್ರಾಂ. ತಕ್ಕಡಿ ಸುಳ್ಳು ಹೇಳಲ್ಲ.

ಇನ್ನು ಎರಡನೇ ಬ್ಯಾಟರಿ. ಬೇಕಾಗೋ ಸಾಮಾನು:

- 12 ವೋಲ್ಟ್ 65 ಎಎಚ್ ಎಜಿಎಂ ಬ್ಯಾಟರಿ (ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರೋದು), ಪೂರ್ತಿ ಸೀಲ್ ಆಗಿರೋದು
- 200 ಆಂಪಿಯರ್ ವಿಎಸ್‌ಆರ್ (ವೋಲ್ಟೇಜ್ ನೋಡಿಕೊಂಡು ತಾನೇ ಕೂಡಿಸಿ ಬಿಡಿಸೋ ರಿಲೇ)
- 150 ಆಂಪಿಯರ್ ಎಎನ್‌ಎಲ್ ಫ್ಯೂಸ್ (ದೊಡ್ಡ ಕರೆಂಟಿಗೆ ಬರೋ ಪಟ್ಟಿ ಫ್ಯೂಸ್), ಹೋಲ್ಡರ್ ಸಮೇತ, ಎರಡು
- 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಕೆಂಪು 6 ಮೀಟರ್, ಕಪ್ಪು 2 ಮೀಟರ್
- ಟಿನ್ ಲೇಪದ ತಾಮ್ರದ ಲಗ್, 35 ಸ್ಕ್ವೇರ್ ಎಂಎಂ, 8 ಎಂಎಂ ತೂತಿನದು, ಹದಿನಾಲ್ಕು
- ಹೀಟ್ ಶ್ರಿಂಕ್, ಫ್ಲೆಕ್ಸಿಬಲ್ ಪೈಪ್, ಫೈರ್‌ವಾಲ್‌ಗೆ (ಇಂಜಿನ್‌ಗೂ ಗಾಡಿ ಒಳಗಿಗೂ ನಡುವಿನ ತಗಡು) ರಬ್ಬರ್ ಗ್ರೋಮೆಟ್, ಅಂದರೆ ತೂತಿಗೆ ಕೂರೋ ಬಳೆ

ಫ್ಯೂಸ್ ಎರಡು ಯಾಕೆ ಅಂತ ಕೇಳ್ತಾರೆ, ಒಂದೇ ಹಾಕಿ ಬಿಡ್ತಾರೆ. ಮಾಮೂಲಿ ಆಂಪ್ಲಿಫೈಯರ್ ವೈರಿನಲ್ಲಿ ಕರೆಂಟ್ ಒಂದು ಕಡೆಯಿಂದ ಬರುತ್ತೆ. ಇಲ್ಲಿ ಕೆಂಪು ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇದೆ. ನಡುವೆ ಎಲ್ಲಾದರೂ ವೈರ್ ಉಜ್ಜಿ ಬಾಡಿಗೆ ತಾಗಿದರೆ ಮುಂದಿನ ಫ್ಯೂಸ್ ಹಾರಿದರೂ ಹಿಂದಿನ ಬ್ಯಾಟರಿ ಸುರೀತಾನೇ ಇರುತ್ತೆ, ವೈರ್ ಹತ್ತಿ ಉರಿಯುತ್ತೆ. ಒಂದೊಂದು ಬ್ಯಾಟರಿಯಿಂದಲೂ 45 ಸೆಂಟಿಮೀಟರ್ ಒಳಗೆ ಒಂದೊಂದು ಫ್ಯೂಸ್. ಇದರಲ್ಲಿ ಮಾತ್ರ ರಾಜಿ ಬೇಡ. ಹಿಂದಿನ ಬ್ಯಾಟರಿಯಿಂದ ಆಂಪ್ಲಿಫೈಯರ್‌ಗಳಿಗೆ ಹೋಗೋ ವೈರ್‌ಗಳಿಗೆ ಬೇರೆ ಡಿಸ್ಟ್ರಿಬ್ಯೂಷನ್ ಬ್ಲಾಕ್, ಅದರಲ್ಲಿ ಮೊನೊಗೆ 80, ನಾಲ್ಕು ಚಾನೆಲ್‌ಗೆ 60 ಆಂಪಿಯರ್ ಫ್ಯೂಸ್.

ವಿಎಸ್‌ಆರ್ ಬದಲು ಸೆಲ್ಫ್ ಮೋಟರ್ ಸೊಲೆನಾಯ್ಡ್ ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ. ಅದು ಕೆಲವು ಸೆಕೆಂಡ್ ಕೆಲಸಕ್ಕೆ ಮಾಡಿದ್ದು. ಗಂಟೆಗಟ್ಟಲೆ ಹಿಡಿದರೆ ಅದರ ಕಾಯಿಲ್ ಸುಡುತ್ತೆ, ಇಲ್ಲ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತೆ. ರಿಲೇನೇ ಹಾಕೋದಾದರೆ "ಕಂಟಿನ್ಯೂಯಸ್ ಡ್ಯೂಟಿ" ಅಂತ ಬರೆದಿರಬೇಕು. ಡಯೋಡ್ ಐಸೊಲೇಟರ್ ಬೇಡ, ಅದರಲ್ಲಿ 0.7 ವೋಲ್ಟ್ ಬೀಳುತ್ತೆ, ಹಿಂದಿನ ಬ್ಯಾಟರಿ ಎಂದೂ ತುಂಬಲ್ಲ.

ಕೆಲಸದ ಕ್ರಮ. ಮೊದಲು ಮುಂದಿನ ಬ್ಯಾಟರಿಯ ಮೈನಸ್ ಬಿಚ್ಚಿ. ಕೆಲಸ ಪೂರ್ತಿ ಮುಗಿಯೋವರೆಗೂ ಫ್ಯೂಸ್‌ಗಳನ್ನ ಹೋಲ್ಡರ್‌ಗೆ ಹಾಕಬೇಡಿ. ವಿಎಸ್‌ಆರ್ ಮುಂದಿನ ಬ್ಯಾಟರಿ ಹತ್ತಿರ, ಫ್ಯೂಸ್ ಆದ ಮೇಲೆ ಕೂರಲಿ, ಎಕ್ಸಾಸ್ಟ್ ಬಿಸಿ ತಾಗದ ಕಡೆ. ಕೆಂಪು ವೈರನ್ನ ಗ್ರೋಮೆಟ್ ಇಲ್ಲದೆ ಫೈರ್‌ವಾಲ್ ತೂತಿನಲ್ಲಿ ತೂರಿಸಬೇಡಿ, ತಗಡಿನ ಅಂಚು ಆರು ತಿಂಗಳಲ್ಲಿ ರಬ್ಬರ್ ಕುಯ್ದು ಹಾಕುತ್ತೆ. ಒಳಗೆ ಆರ್‌ಸಿಎ ವೈರ್ (ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹಾಡಿನ ಸಿಗ್ನಲ್ ಒಯ್ಯೋದು) ಹೋಗಿರೋ ಪಕ್ಕ ಬಿಟ್ಟು ಇನ್ನೊಂದು ಪಕ್ಕದ ಸಿಲ್‌ನಲ್ಲಿ ಎಳೆಯಿರಿ. ಸೀಟಿನ ರೈಲ್ ಹತ್ತಿರ ಬೇಡ. ಸೀಟ್ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್‌ದು, ಅದನ್ನ ಮುಟ್ಟಲೇಬೇಡಿ.

ಅರ್ತ್‌ಗೆ ಡಿಕ್ಕಿ ತಳದ ದಪ್ಪ ತಗಡಿನಲ್ಲಿ ಬೇರೆ ಜಾಗ ಆರಿಸಿ. ತೂತು ಕೊರೆಯೋ ಮೊದಲು ಗಾಡಿ ಕೆಳಗೆ ತಲೆ ಹಾಕಿ ನೋಡಿ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಅಲ್ಲೇ ಇರುತ್ತೆ. ಲಗ್ ಕೂರೋ ಅಷ್ಟಗಲ ಪೇಂಟ್, ಪ್ರೈಮರ್ ಎರಡನ್ನೂ ಉಜ್ಜಿ ಹೊಳೆಯೋ ಲೋಹ ಬರಬೇಕು. 8 ಎಂಎಂ ಬೋಲ್ಟ್, ಸ್ಟಾರ್ ವಾಷರ್, ಹಿಂದಿನಿಂದ ನಟ್. ಬಿಗಿ ಮಾಡಿದ ಮೇಲೆ ಮೇಲಿಂದ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಹಿಂದಿನ ಬ್ಯಾಟರಿ, ಎರಡೂ ಆಂಪ್ಲಿಫೈಯರ್ ಎಲ್ಲದರ ಅರ್ತ್ ಅದೇ ಒಂದು ಬಿಂದುವಿಗೆ ಬರಲಿ. ಬೇರೆ ಬೇರೆ ಕಡೆ ಹಾಕಿದರೆ ಆಕ್ಸಿಲರೇಟರ್ ಜೊತೆ ಏರೋ "ಕುಂಯ್" ಸದ್ದು ಸ್ಪೀಕರ್‌ನಲ್ಲಿ ಕೇಳಿಸುತ್ತೆ.

ಹಿಂದೆ ಬಾಡಿಗೆ ಕೊಟ್ಟ ಕರೆಂಟ್ ಮುಂದೆ ಬ್ಯಾಟರಿಗೆ ವಾಪಸ್ ಬರಬೇಕಲ್ಲ. ಕಂಪನಿಯವರು ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಕೊಟ್ಟಿರೋ ವೈರ್ ಸಣ್ಣದು. ಅದನ್ನ ಹಾಗೇ ಬಿಟ್ಟು, ಅದರ ಜೊತೆಗೆ ಇನ್ನೊಂದು 35 ಸ್ಕ್ವೇರ್ ಎಂಎಂ ಹಾಕಿ. ಇಂಜಿನ್ ಬ್ಲಾಕಿನಿಂದ ಬಾಡಿಗೂ ಒಂದು. ಆಲ್ಟರ್ನೇಟರ್ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ ಫ್ಯೂಸ್ ಸಮೇತ ಇನ್ನೊಂದು. ನಿಮ್ಮ ಹೆಡ್‌ಲೈಟ್ ಸಮಸ್ಯೆಗೆ ಹೊಸ ಬ್ಯಾಟರಿಗಿಂತ ಈ ಮೂರು ತುಂಡು ವೈರ್ ಜಾಸ್ತಿ ಕೆಲಸ ಮಾಡುತ್ತವೆ.

ಲಗ್ ಒತ್ತೋದು ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ. ಸುತ್ತಿಗೆಯಲ್ಲಿ ಜಜ್ಜಿದರೆ ಒಳಗೆ ಗಾಳಿ ಉಳಿಯುತ್ತೆ. ಕ್ರಿಂಪರ್ ಇಲ್ಲದಿದ್ದರೆ ಕೇಬಲ್ ಅಂಗಡಿಯಲ್ಲೇ ಅಳತೆ ಕೊಟ್ಟು ಒತ್ತಿಸಿಕೊಂಡು ಬನ್ನಿ. ಒತ್ತಿದ ಮೇಲೆ ವೈರ್ ಕಾಲಡಿ ಹಾಕಿ ಲಗ್ ಎಳೆದು ನೋಡಿ, ಒಂದೆಳೆಯೂ ಜಾರಬಾರದು.

ಹೆಬ್ಬಾಳ_12ವೋಲ್ಟ್

ಪೀಣ್ಯ ಸರ್ ಹೇಳಿದ ವೈರಿಂಗ್‌ಗೆ ನನ್ನ ಒಪ್ಪಿಗೆ ಇದೆ. ವಿಎಸ್‌ಆರ್ ಬಗ್ಗೆ ಮಾತ್ರ ಒಂದು ಷರತ್ತು. ಗಾಡಿ ಹೊಸದಾದರೆ ಆಲ್ಟರ್ನೇಟರನ್ನ ಇಸಿಯು (ಇಂಜಿನ್ ಕಂಪ್ಯೂಟರ್) ನಡೆಸುತ್ತಿರಬಹುದು. ಸಿಗರೇಟ್ ಲೈಟರ್ ಸಾಕೆಟ್‌ಗೆ ವೋಲ್ಟ್‌ಮೀಟರ್ ಚುಚ್ಚಿ ಒಂದು ದಿನ ಓಡಿಸಿ ನೋಡಿ. ಸದಾ 13.8ರಿಂದ 14.4ರ ನಡುವೆ ನಿಂತರೆ ಹಳೇ ತರದ್ದು, ವಿಎಸ್‌ಆರ್ ಚೆನ್ನಾಗಿ ನಡೆಯುತ್ತೆ. ರಿಂಗ್ ರೋಡಿನಲ್ಲಿ ಸಮವಾಗಿ ಓಡುವಾಗ 12.5ಕ್ಕೆ ಇಳಿದು, ಆಕ್ಸಿಲರೇಟರ್ ಬಿಟ್ಟ ಕೂಡಲೆ 14.8ಕ್ಕೆ ಹಾರಿದರೆ ಸ್ಮಾರ್ಟ್ ಆಲ್ಟರ್ನೇಟರ್. ವಿಎಸ್‌ಆರ್ ಸಾಮಾನ್ಯವಾಗಿ 13.3ರ ಸುಮಾರಿಗೆ ಕೂಡಿಸಿ 12.8ರ ಸುಮಾರಿಗೆ ಬಿಡಿಸುತ್ತೆ. ಅಂಥ ಗಾಡಿಯಲ್ಲಿ ದಾರಿಯುದ್ದಕ್ಕೂ ಟಕ್ ಟಕ್ ಅಂತ ಕೂಡಿ ಬಿಡಿಸ್ತಾನೇ ಇರುತ್ತೆ, ಹಿಂದಿನ ಬ್ಯಾಟರಿ ಹಸಿದೇ ಇರುತ್ತೆ. ಅದಕ್ಕೆ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ (ಮುಂದೆ ವೋಲ್ಟೇಜ್ ಏರಿಳಿದರೂ ಹಿಂದಿನ ಬ್ಯಾಟರಿಯನ್ನ ಸರಿಯಾಗಿ ತುಂಬಿಸೋದು) ಬೇಕು, ಇಗ್ನಿಷನ್ ವೈರ್ ಕೊಟ್ಟು.

ಮುಂದಿನ ಬ್ಯಾಟರಿಯ ಮೈನಸ್ ಕಂಬದ ಮೇಲೆ ಸಣ್ಣ ಕನೆಕ್ಟರ್ ಇರೋ ಡಬ್ಬಿ ಕಂಡರೆ ಅದು ಬ್ಯಾಟರಿ ಸೆನ್ಸರ್. ಹೊಸ ಅರ್ತ್ ವೈರನ್ನ ಕಂಬಕ್ಕೆ ಹಾಕಬೇಡಿ, ಸೆನ್ಸರ್ ದಾಟಿದ ಮೇಲೆ ಬಾಡಿ ಕಡೆಗೆ ಹಾಕಿ. ಕಂಬಕ್ಕೇ ಹಾಕಿದರೆ ಹಾಡಿಗೆ ಹೋದ ಕರೆಂಟ್ ಸೆನ್ಸರ್ ಲೆಕ್ಕಕ್ಕೆ ಸಿಗಲ್ಲ, ಚಾರ್ಜಿಂಗ್ ಎಲ್ಲ ತಪ್ಪುತ್ತೆ.

ಪೀಣ್ಯ_ಆಟೋವೈರಿಂಗ್

ಒಪ್ಪಿದೆ. ಆದರೆ ಡಿಸಿ-ಡಿಸಿ ಹಾಕಿದ ಮೇಲೆ ಆಂಪ್ಲಿಫೈಯರ್‌ಗಳು ಪೂರ್ತಿ ಹಿಂದಿನ ಬ್ಯಾಟರಿ ಮೇಲೇ ನಿಂತಿರ್ತವೆ. ಚಾರ್ಜರ್ ಕೊಡೋದು 30, ಜೋರಾಗಿ ಕೇಳಿದರೆ ಹೋಗೋದು 30ರಿಂದ 35. ಮೈಸೂರಿಗೆ ಹೋಗೋ ಅಷ್ಟರಲ್ಲಿ ಬ್ಯಾಟರಿ ಇಳಿದೇ ಇರುತ್ತೆ. ಈ ಪ್ರಶ್ನೆ ಕೇಳಿದವರ ಗಾಡಿ ಹಳೇ ತರದ್ದಾದರೆ ವಿಎಸ್‌ಆರ್ರೇ ಮೇಲು. ಆಗ ಆಲ್ಟರ್ನೇಟರ್, ಎರಡು ಬ್ಯಾಟರಿ, ಮೂರೂ ಸೇರಿ ಹೊಡೆತ ತಡೆದುಕೊಳ್ಳುತ್ತವೆ.

ಬಸವನಗುಡಿ_ಬೇಸ್

ವೋಲ್ಟ್‌ಮೀಟರ್ ಹಾಕಿ ನೋಡಿದೆ, 13.9ರಿಂದ 14.3. ಹಳೇ ತರದ್ದೇ. ಎರಡು ಸಂಶಯ. ಮನೆಯಲ್ಲಿ ಇನ್ವರ್ಟರ್‌ದು 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು ಖಾಲಿ ಇದೆ, ಅದನ್ನೇ ಇಡಬಹುದಾ? ಇಲ್ಲ ಯುಪಿಎಸ್ ಬ್ಯಾಟರಿ? ಲಿಥಿಯಂ ಚೆನ್ನಾಗಿರುತ್ತೆ ಅಂತಲೂ ಹೇಳ್ತಾರೆ.

ತಂತಿ_ಮೇಷ್ಟ್ರು

ಟ್ಯೂಬುಲರ್ ಬೇಡವೇ ಬೇಡ ಸರ್. ಅದು ನೀರು ಹಾಕೋ ಬ್ಯಾಟರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಹ್ಯಾಚ್‌ಬ್ಯಾಕ್ ಡಿಕ್ಕಿ ಅಂದರೆ ನೀವು ಕೂತಿರೋ ಗಾಳಿಯೇ ಅಲ್ಲೂ ಇರೋದು. ಗಾಳಿಯಲ್ಲಿ ಹೈಡ್ರೋಜನ್ ನಾಲ್ಕು ಪರ್ಸೆಂಟ್ ಆದರೆ ಒಂದು ಕಿಡಿ ಸಾಕು, ರಿಲೇ ಕಿಡಿಯೂ ಸೇರಿ. ಹಂಪ್ ಹಾರಿದಾಗ ಆಸಿಡ್ ತುಳುಕುತ್ತೆ. 50 ಕೆಜಿ ದಾಟೋ ತೂಕ. ಅದರ ಪ್ಲೇಟುಗಳೂ ನಿಧಾನಕ್ಕೆ ಕರೆಂಟ್ ಕೊಡೋಕೆ ಮಾಡಿದ್ದು, ಬೇಸ್ ಹೊಡೆತಕ್ಕೆ ವೋಲ್ಟೇಜ್ ಕುಸಿಯುತ್ತೆ.

ಯುಪಿಎಸ್‌ಗೆ ಬರೋ ಸೀಲ್ಡ್ ವಿಆರ್‌ಎಲ್‌ಎ (ನೀರು ಹಾಕಬೇಕಿಲ್ಲದ ಸೀಸದ ಬ್ಯಾಟರಿ) ನಡೆಯುತ್ತೆ. ಅಮರಾನ್ ಕ್ವಾಂಟಾ, ಎಕ್ಸೈಡ್ ಪವರ್‌ಸೇಫ್ ಈ ಜಾತಿಯವು. ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಮೀಟರ್ ಹಿಡಿದಾಗ 12.8 ಆಸುಪಾಸು ಇರಬೇಕು, 12.4ಕ್ಕಿಂತ ಕಮ್ಮಿ ಇದ್ದರೆ ಗೋದಾಮಿನಲ್ಲಿ ಕೂತು ಸಲ್ಫೇಟ್ ಆಗಿ (ಪ್ಲೇಟ್ ಮೇಲೆ ಹರಳು ಕಟ್ಟಿ) ಕೆಟ್ಟಿರಬಹುದು. ಯುಪಿಎಸ್‌ನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಬ್ಯಾಟರಿ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ, ಅದನ್ನ ತೆಗೆದಿರೋದೇ ಎಎಚ್ ಸತ್ತಿದೆ ಅಂತ.

ಲಿಥಿಯಂ ಒಳ್ಳೆಯದೇ, ಆದರೆ ವಿಎಸ್‌ಆರ್ ಮೂಲಕ ನೇರ ಕೊಟ್ಟರೆ ಅದು ಆಲ್ಟರ್ನೇಟರಿನಲ್ಲಿ ಇರೋದನ್ನೆಲ್ಲ ಎಳೆದುಕೊಳ್ಳುತ್ತೆ. ಸೀಸದ ಬ್ಯಾಟರಿ ತುಂಬುತ್ತಾ ತುಂಬುತ್ತಾ ಕರೆಂಟ್ ಕಮ್ಮಿ ಮಾಡುತ್ತೆ, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಹತ್ತಿರ ಹತ್ತಿರ ಕೊನೆವರೆಗೂ ಎಳೆಯುತ್ತೆ. ಟ್ರಾಫಿಕ್‌ನಲ್ಲಿ ಐಡಲ್‌ನಲ್ಲಿ, ಗಾಳಿ ಇಲ್ಲದೆ, ಪೂರ್ತಿ ಲೋಡಿನಲ್ಲಿ ಆಲ್ಟರ್ನೇಟರ್ ಡಯೋಡ್‌ಗಳು ಸುಡುತ್ತವೆ. ಲಿಥಿಯಂ ಬೇಕಾದರೆ ಡಿಸಿ-ಡಿಸಿ ಕಡ್ಡಾಯ.

65 ಎಎಚ್ ಎಷ್ಟು ಹೊತ್ತು? ಇಂಜಿನ್ ಆಫ್ ಆಗಿ, ಕೂತು ಮಾತಾಡೋ ಅಷ್ಟು ಸದ್ದಿನಲ್ಲಿ 15 ಆಂಪಿಯರ್ ಹಿಡಿಯಿರಿ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 32 ಎಎಚ್ ಕೈಗೆ ಸಿಗುತ್ತೆ. ನಷ್ಟ ಎಲ್ಲ ಕಳೆದು ಒಂದೂವರೆ ಗಂಟೆ ನಿಶ್ಚಿಂತೆ. ಆಂಪ್ಲಿಫೈಯರ್ ರಿಮೋಟ್ ವೈರ್‌ನಲ್ಲಿ (ಅದನ್ನ ಆನ್ ಮಾಡೋ ಸಣ್ಣ ವೈರ್) 11.8 ವೋಲ್ಟ್‌ಗೆ ಕಟ್ ಆಗೋ ಸಣ್ಣ ಕಟ್-ಆಫ್ ಬೋರ್ಡ್ ಹಾಕಿಸಿ. ಮರೆತು ನಿದ್ದೆ ಹೋದರೂ ಬ್ಯಾಟರಿ ಉಳಿಯುತ್ತೆ.

ಖಾಲಿ ಮಾಡಿದ್ದನ್ನ ತುಂಬಿಸೋದು ಆಫೀಸ್ ಓಡಾಟದಲ್ಲಿ ಆಗಲ್ಲ. ಟ್ರಾಫಿಕ್‌ನಲ್ಲಿ ಹಿಂದಿನ ಬ್ಯಾಟರಿಗೆ 10 ಆಂಪಿಯರ್ ಸಿಕ್ಕಿದರೂ 32 ಎಎಚ್‌ಗೆ ಮೂರು ಗಂಟೆ ಮೇಲೆ, ಕೊನೆಯ ಭಾಗ ಇನ್ನೂ ನಿಧಾನ. ಪಾರ್ಕಿಂಗ್‌ನಲ್ಲಿ ಪ್ಲಗ್ ಇದ್ದರೆ ಎಜಿಎಂ ಮೋಡ್ ಇರೋ 10 ಆಂಪಿಯರ್ ಚಾರ್ಜರ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ರಾತ್ರಿಯಿಡೀ ಹಾಕಿ.

ಪೀಣ್ಯ_ಆಟೋವೈರಿಂಗ್

ಬ್ಯಾಟರಿ ಕಟ್ಟೋದರ ಬಗ್ಗೆ ಯಾರೂ ಹೇಳಲಿಲ್ಲ. 65 ಎಎಚ್ ಅಂದರೆ 20 ಕೆಜಿ ಆಸುಪಾಸು. ಗಾಡಿ ಜೋರಾಗಿ ಗುದ್ದಿ 20 ಜಿ (ತೂಕದ ಇಪ್ಪತ್ತು ಪಟ್ಟು) ಬಂದರೆ ಅದು 400 ಕೆಜಿ ಭಾರದಲ್ಲಿ ಹಿಂದಿನ ಸೀಟಿಗೆ ನುಗ್ಗುತ್ತೆ, ಅಲ್ಲಿ ಮಕ್ಕಳು ಕೂತಿರ್ತಾರೆ. ವೆಲ್ಕ್ರೊ, ಪ್ಲಾಸ್ಟಿಕ್ ಟ್ಯಾಗ್ ಸಾಲದು. ಆಂಗಲ್ ಐರನ್ ತಟ್ಟೆ, ಮೇಲೆ ಉಕ್ಕಿನ ಪಟ್ಟಿ, ತಳಕ್ಕೆ ನಾಲ್ಕು 8 ಎಂಎಂ ಬೋಲ್ಟ್, ಕೆಳಗಿನಿಂದ ಅಗಲ ವಾಷರ್. ಪ್ಲಸ್ ಕಂಬಕ್ಕೆ ರಬ್ಬರ್ ಟೋಪಿ ತಪ್ಪದೆ ಹಾಕಿ. ಡಿಕ್ಕಿಯಲ್ಲಿ ಜಾಕ್, ಸ್ಪ್ಯಾನರ್ ಉರುಳಾಡ್ತಿರುತ್ತೆ.

ಎಲ್ಲ ಆದ ಮೇಲೆ ಎರಡೂ ಬ್ಯಾಟರಿ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿಯೇ ಫ್ಯೂಸ್ ಕೂರಿಸಿ. ಒಂದು ತುಂಬಿ ಒಂದು ಖಾಲಿ ಇದ್ದರೆ ಕೂಡಿದ ಕ್ಷಣ ಭಾರಿ ಕರೆಂಟ್ ನುಗ್ಗುತ್ತೆ. ಮುಂದಿನ ಮೈನಸ್ ಕೊನೆಗೆ.

ಆಮೇಲೆ ಈ ಎರಡು ಪರೀಕ್ಷೆ ಬಿಡಬೇಡಿ. ಇಂಜಿನ್ ಆಫ್ ಮಾಡಿ, ಹಾಡು ಹಾಕಿ, ಹತ್ತು ನಿಮಿಷ ಬಿಟ್ಟು ಮುಂದಿನ ಬ್ಯಾಟರಿ, ಹಿಂದಿನ ಬ್ಯಾಟರಿ ಅಳೆಯಿರಿ. ಹಿಂದಿನದು ಇಳಿದು ಮುಂದಿನದು ಹಾಗೇ ನಿಂತಿದ್ದರೆ ವಿಎಸ್‌ಆರ್ ಸರಿಯಾಗಿ ಬಿಡಿಸಿದೆ. ಎರಡೂ ಒಂದೇ ಸಂಖ್ಯೆ ತೋರಿಸಿ ಒಟ್ಟಿಗೆ ಇಳೀತಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಬೆಳಿಗ್ಗೆ ಸೆಲ್ಫ್ ಹೊಡೆಯಲ್ಲ. ಇನ್ನೊಂದು, ಅರ್ಧ ಗಂಟೆ ಜೋರಾಗಿ ಹಾಡು ಹಾಕಿಕೊಂಡು ಓಡಿಸಿ, ಗಾಡಿ ನಿಲ್ಲಿಸಿ, ಉಂಗುರ, ಬಳೆ, ವಾಚ್ ಬಿಚ್ಚಿಟ್ಟು ಪ್ರತಿ ಲಗ್, ಫ್ಯೂಸ್ ಹೋಲ್ಡರ್, ಅರ್ತ್ ಬೋಲ್ಟನ್ನ ಬೆರಳಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕಾಗದಷ್ಟು ಸುಡೋದು ಯಾವುದೋ ಅದನ್ನ ಬಿಚ್ಚಿ ಮತ್ತೆ ಒತ್ತಿಸಿ.